ಹಳೆಯ ಕಾರಿಗೆ ಹೊಸ ಕೆಂಪು ಬೇಕೆ?

ಹಳೆಯ ಸ್ಪೋರ್ಟ್ಸ್ ಕಾರಿಗೆ ಕಾರ್ಖಾನೆಯಿಂದ ಬಂದಾಗಿನ ಬಣ್ಣವನ್ನೇ ಉಳಿಸಬೇಕೋ, ಅಥವಾ ಮಾಲೀಕರ ಮನಸ್ಸಿಗೆ ಒಪ್ಪಿದ ಬಣ್ಣ ಹೊಡೆಸಬಹುದೋ ಎಂಬುದು ನಮ್ಮ ಸಂಘದ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಚರ್ಚೆಗೆ ಬರುವ ವಿಷಯವಲ್ಲ. ಕೊಳೆರೋಗ, ಕಾಯಿಕೊರಕ, ಕೂಲಿಯಾಳುಗಳ ಅಭಾವ, ಗೊಬ್ಬರದ ಬೆಲೆ, ಇವುಗಳ ನಡುವೆ ಕಾರಿನ ಬಣ್ಣಕ್ಕೆ ಸ್ಥಳವೆಲ್ಲಿ ಎಂದು ಸದಸ್ಯ ಬಾಂಧವರು ಕೇಳಿದರೆ ತಪ್ಪಿಲ್ಲ. ಆದರೆ 2024 ಮತ್ತು 2025ರಲ್ಲಿ ಕಾಫಿಗೆ ಬಂದ ಬೆಲೆ ನಮ್ಮ ಊರುಗಳಲ್ಲಿ ಅನೇಕ ಬಾಗಿಲುಗಳನ್ನು ತೆರೆಯಿಸಿದೆ. ಕೆಲವರು ಮನೆಯ ಹೆಂಚು ಬದಲಾಯಿಸಿದರು, ಕೆಲವರು ಹಳೆಯ ಸಾಲ ತೀರಿಸಿದರು. ಇನ್ನು ಕೆಲವರು ವರ್ಷಾನುಗಟ್ಟಲೆ ಸೋಗೆಯ ರಾಶಿಯ ಹಿಂದೆ ಮುಚ್ಚಿಕೊಂಡಿದ್ದ ಶೆಡ್ಡಿನ ಬಾಗಿಲು ತೆಗೆದು, ಒಳಗಿದ್ದ ಹಳೆಯ ಗಾಡಿಯನ್ನು ಹೊರಗೆ ಎಳೆದರು. ಈ ಮೂರನೆಯವರಿಗಾಗಿ ಇಷ್ಟು ಬರೆಯುವುದು ಅಗತ್ಯವೆಂದು ನಮಗೆ ತೋರಿತು.

ನಮ್ಮ ಸದಸ್ಯರೊಬ್ಬರ ಶೆಡ್ಡಿನಲ್ಲಿ ಎಂ.ಜಿ. ಕಂಪನಿಯ ಎರಡು ಸೀಟಿನ ಟಿ.ಸಿ. ಕಾರು ಇದೆ. ಅವರ ತಂದೆಯವರು ಅದನ್ನು ತೋಟ ಮಾರಿ ಸ್ವದೇಶಕ್ಕೆ ಹೊರಟ ದೊರೆಯೊಬ್ಬರಿಂದ ಕೊಂಡದ್ದು. ಈಗ ಅದರ ಮೈಮೇಲೆ ಕಾಣುವುದು ಕೆನೆಬಣ್ಣದ ಎನಾಮಲ್ ಪೇಂಟು, ಅದೂ ಬ್ರಷ್ಷಿನಲ್ಲಿ ಬಳಿದದ್ದು. ಹಿಂದೊಮ್ಮೆ ಮನೆಯ ಕಿಟಕಿ ಬಾಗಿಲುಗಳಿಗೆ ತಂದ ಬಣ್ಣ ಉಳಿದಾಗ, ತುಕ್ಕು ಹಿಡಿಯದಿರಲೆಂದು ಆ ಹಿರಿಯರು ತಾವೇ ಕೂತು ಬಳಿದರಂತೆ. ಡ್ಯಾಶ್‌ಬೋರ್ಡಿನ ಕೆಳಗೆ ಕೈಹಾಕಿ ಧೂಳು ಒರೆಸಿದರೆ ಅಲ್ಲಿ ಹಸಿರು ಬಣ್ಣ ಕಾಣುತ್ತದೆ. ಮಗ ಬೆಂಗಳೂರಿನಲ್ಲಿದ್ದಾನೆ, ಅವನಿಗೆ ಕೆಂಪು ಬೇಕು. ಕೊಳ್ಳಲು ಬಂದ ದಲ್ಲಾಳಿಗೂ ಕೆಂಪೇ ಬೇಕು. ಸ್ಪೋರ್ಟ್ಸ್ ಕಾರು ಎಂದ ಮೇಲೆ ಕೆಂಪಲ್ಲದೆ ಇನ್ನೇನು ಎಂಬುದು ಇಬ್ಬರ ವಾದ. ಸದಸ್ಯರು ಮಾತ್ರ ಯಾವುದಕ್ಕೂ ಒಪ್ಪದೆ ಕುಳಿತಿದ್ದಾರೆ. "ಅಪ್ಪಯ್ಯ ಬಳಿದದ್ದನ್ನು ಕೆರೆಯೋಕೆ ಕೈ ಬರೋದಿಲ್ಲ" ಎಂದು ಅವರು ನಮ್ಮೊಡನೆ ಹೇಳಿದರು.

ಮೊದಲು ಕೆಂಪಿನ ವಿಷಯ ಮುಗಿಸೋಣ. ಸ್ಪೋರ್ಟ್ಸ್ ಕಾರು ಕೆಂಪಾಗಿರಬೇಕೆಂಬ ನಿಯಮವನ್ನು ಯಾರೂ ಮಾಡಿಲ್ಲ. ಕಳೆದ ಶತಮಾನದ ಆರಂಭದಲ್ಲಿ ಗಾರ್ಡನ್ ಬೆನೆಟ್ ಪಂದ್ಯಗಳು ನಡೆಯುತ್ತಿದ್ದಾಗ ಒಂದೊಂದು ದೇಶದ ಕಾರಿಗೆ ಒಂದೊಂದು ಬಣ್ಣ ಎಂಬ ಪದ್ಧತಿ ಬೆಳೆಯಿತು. ಫ್ರಾನ್ಸಿಗೆ ನೀಲಿ, ಬೆಲ್ಜಿಯಮ್ಮಿಗೆ ಹಳದಿ, ಜರ್ಮನಿಗೆ ಬಿಳಿ. 1903ರಲ್ಲಿ ಪಂದ್ಯ ಐರ್ಲೆಂಡಿನಲ್ಲಿ ನಡೆದಾಗ ಬ್ರಿಟನ್ನಿನ ಕಾರುಗಳು ಹಸಿರು ತೊಟ್ಟವು. ಕೆಂಪು ಬಂದದ್ದು ಇಟಲಿಗೆ. ಫೆರಾರಿಯ ಹೆಸರು ಲೋಕಪ್ರಸಿದ್ಧವಾದ ಮೇಲೆ ಕೆಂಪೇ ವೇಗದ ಬಣ್ಣವೆಂಬ ಭಾವನೆ ಜನರಲ್ಲಿ ಬೇರೂರಿತು, ಅಷ್ಟೆ. ಇಂಗ್ಲೆಂಡಿನ ಕಾರಿಗೆ ಇಟಲಿಯ ಬಣ್ಣ ಹೊಡೆಸಿ ಇದೇ ಅಸಲು ಎನ್ನುವುದು, ಚಿಕ್ಕಮಗಳೂರಿನ ಅರೇಬಿಕಾ ಚೀಲದ ಮೇಲೆ ಬ್ರೆಜಿಲ್ಲಿನ ಮುದ್ರೆ ಒತ್ತಿದಂತೆ. ಹಳೆಯ ಕಾರುಗಳ ವ್ಯಾಪಾರದಲ್ಲಿ ಇದನ್ನು 'ಮಾರಾಟದ ಕೆಂಪು' ಎಂದು ಇಂಗ್ಲೆಂಡಿನವರೇ ಗೇಲಿ ಮಾಡುವುದುಂಟು. ಜಾಗ್ವಾರ್ ಕಂಪನಿ 1961ರ ಮಾರ್ಚಿಯಲ್ಲಿ ಜಿನೀವಾದಲ್ಲಿ ತನ್ನ ಪ್ರಸಿದ್ಧ ಇ-ಟೈಪ್ ಕಾರನ್ನು ಲೋಕಕ್ಕೆ ತೋರಿಸಿದಾಗ, ಅಲ್ಲಿಗೆ ಓಡಿಸಿಕೊಂಡು ಹೋದ ಎರಡು ಕಾರುಗಳಲ್ಲಿ ಒಂದು ಬೂದುಬಣ್ಣದ್ದು, ಇನ್ನೊಂದು ಹಸಿರು. ನೋಡಲು ನೂಕುನುಗ್ಗಲು ಮಾಡಿದ ಜನ ಕೆಂಪಿಲ್ಲವೆಂದು ಹಿಂತಿರುಗಲಿಲ್ಲ.

ಟಿ.ಸಿ. ಮಾದರಿ ತಯಾರಾದದ್ದು 1945ರಿಂದ 1949ರವರೆಗೆ, ಇಂಗ್ಲೆಂಡಿನ ಅಬಿಂಗ್ಡನ್ ಎಂಬ ಊರಿನಲ್ಲಿ. ಸುಮಾರು 10,000 ಕಾರುಗಳು ಹೊರಬಂದವು. ಮಹಾಯುದ್ಧ ಮುಗಿದ ವರ್ಷ ಬಂದ ಮೊದಮೊದಲ ಕಾರುಗಳು ಕಪ್ಪು. ಆಮೇಲೆ ಕೆಂಪು, ಹಸಿರು, ಕೆನೆ ಮುಂತಾದವು ಸೇರಿದವು. ಆದ್ದರಿಂದ ಕೆಂಪು ಟಿ.ಸಿ. ಇರಲೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಕೆಂಪಾಗಿ ಹುಟ್ಟಿದ್ದು ಕೆಂಪಾಗಿರಲಿ, ಹಸಿರಾಗಿ ಹುಟ್ಟಿದ್ದನ್ನು ಕೆಂಪು ಮಾಡುವ ಅವಸರ ಏಕೆ ಎಂಬುದಷ್ಟೇ ನಮ್ಮ ಪ್ರಶ್ನೆ. (2019ರಿಂದ ನಮ್ಮ ರಸ್ತೆಗಳಲ್ಲಿ ಓಡಾಡುತ್ತಿರುವ ಎಂ.ಜಿ. ಗಾಡಿಗಳಿಗೂ ಇದಕ್ಕೂ ಹೆಸರಿನದಷ್ಟೇ ನಂಟು. ಅಬಿಂಗ್ಡನ್ ಕಾರ್ಖಾನೆ 1980ರಲ್ಲೇ ಮುಚ್ಚಿತು.)

ಬಣ್ಣ ಹಾಕಿ ಬೆಲೆ ಏರಿಸುವ ಕಸುಬು ಏನೆಂದು ಅಡಿಕೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೇಯಿಸಿದ ಅಡಿಕೆಗೆ ಚೊಗರು ಕೊಟ್ಟು ಬಣ್ಣ ಬರಿಸುವುದು ನಮ್ಮ ಹಿರಿಯರಿಂದ ಬಂದ ಸಂಸ್ಕರಣೆ, ಆ ಬಣ್ಣ ಅಡಿಕೆಯದೇ. ಹೊರಗಿನಿಂದ ಕೆಂಪು ಪುಡಿ ತಂದು ಕಲಸಿ ಹಳೆಯ ಮಾಲನ್ನು ಹೊಸದೆಂದು ದಾಟಿಸುವುದು ಬೇರೆ ಮಾತು. ಅದರಿಂದ ಇಡೀ ಊರಿನ ಅಡಿಕೆಗೆ ಕೆಟ್ಟ ಹೆಸರು ಬಂದು, ಪ್ರಾಮಾಣಿಕನಾದ ಬೆಳೆಗಾರನೂ ಮಂಡಿಯಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ಹಳೆಯ ಕಾರಿನ ಪೇಟೆಯಲ್ಲಿಯೂ ಹಾಗೆಯೇ. ತಿಳಿದ ಗಿರಾಕಿ ಬಾಗಿಲ ಸಂದಿಯನ್ನೂ ಸೀಟಿನ ಅಡಿಯನ್ನೂ ನೋಡಿಯೇ ನೋಡುತ್ತಾನೆ. ಹೊರಗೆ ಕೆಂಪು, ಒಳಗೆ ಹಸಿರು ಕಂಡ ಕೂಡಲೇ ಇನ್ನೇನೇನು ಬದಲಾಗಿದೆಯೋ ಎಂಬ ಅನುಮಾನ ಅವನಿಗೆ ಹುಟ್ಟುತ್ತದೆ. ಇಂಜಿನ್ನು ಅಸಲೇ, ಚಾಸಿಸ್ ನಂಬರು ಅಸಲೇ ಎಂದು ಕೇಳಲು ಪ್ರಾರಂಭಿಸುತ್ತಾನೆ. ದಲ್ಲಾಳಿ ಹೇಳುವ 'ಕೆಂಪಾದರೆ ಬೇಗ ಹೋಗುತ್ತದೆ' ಎಂಬುದು ತಿಳಿಯದ ಗಿರಾಕಿಯ ಮಟ್ಟಿಗೆ ಮಾತ್ರ ನಿಜ. ಜಾಗ್ವಾರ್‌ನಂಥ ಕಂಪನಿಗಳು ತಮ್ಮ ಹಳೆಯ ಲೆಡ್ಜರು ನೋಡಿ, ಇಂಥ ನಂಬರಿನ ಕಾರು ಇಂಥ ಬಣ್ಣದಲ್ಲಿ ಕಾರ್ಖಾನೆ ಬಿಟ್ಟಿತೆಂದು ಪ್ರಮಾಣಪತ್ರ ಕೊಡುತ್ತವೆ. ಅಂಥ ಕಾಗದಕ್ಕಾಗಿ ಜನ ಹಣ ತೆರುತ್ತಾರೆಂದ ಮೇಲೆ ಹುಟ್ಟಿದ ಬಣ್ಣಕ್ಕೆ ಪೇಟೆಯಲ್ಲಿ ಬೆಲೆಯಿಲ್ಲ ಎನ್ನುವ ಮಾತು ನಿಲ್ಲುವುದಿಲ್ಲ.

ಇಷ್ಟಾದ ಮೇಲೆ ಹಸಿರೇ ಸರಿ ಎಂದು ತೀರ್ಮಾನಿಸಿ ಲೇಖನ ಮುಗಿಸಬಹುದಿತ್ತು. ಆದರೆ ವಿಷಯ ಕಠಿಣವಾಗುವುದು ಇಲ್ಲಿಂದ ಮುಂದೆ. ಹಸಿರಿಗೂ ಕೆಂಪಿಗೂ ನಡುವಿನ ಜಗಳ ಸುಲಭದ್ದು. ಹಸಿರಿಗೂ ತಂದೆಯವರ ಕೆನೆಬಣ್ಣಕ್ಕೂ ನಡುವಿನದು ಹಾಗಲ್ಲ.

ಅಮೆರಿಕದ ಪೆಬಲ್ ಬೀಚ್‌ನಲ್ಲಿ 1950ರಿಂದ ಹಳೆಯ ಕಾರುಗಳ ಪ್ರದರ್ಶನ ನಡೆಯುತ್ತದೆ. ಅಲ್ಲಿ ಬಹುಮಾನ ಗೆಲ್ಲುತ್ತಿದ್ದುದು ಹೆಚ್ಚಾಗಿ ಕನ್ನಡಿಯಂತೆ ಹೊಳೆಯುವ, ತಿರುಪು ತಿರುಪನ್ನೂ ಹೊಸದು ಮಾಡಿದ ಕಾರುಗಳು. 2024ರಲ್ಲಿ ಮೊದಲ ಬಹುಮಾನ ಹೋದದ್ದು 1934ರ ಒಂದು ಬುಗಾಟಿ ಟೈಪ್ 59 ಕಾರಿಗೆ. ಅದಕ್ಕೆ ಹೊಸ ಬಣ್ಣ ಹಾಕಿರಲಿಲ್ಲ. ಮೈಮೇಲಿನ ಬಣ್ಣ ಬಿರುಕುಬಿಟ್ಟಿತ್ತು, ಅಲ್ಲಲ್ಲಿ ಸವೆದಿತ್ತು. ಹಾಗೆ ಇದ್ದಂತೆಯೇ ಕಾಪಾಡಿದ ಕಾರಿಗೆ ಅಲ್ಲಿ ಅಗ್ರ ಬಹುಮಾನ ಸಿಕ್ಕಿದ್ದು ಅದೇ ಮೊದಲ ಸಲ. ಆದರೆ ಗಮನಿಸಬೇಕಾದದ್ದು ಇನ್ನೊಂದಿದೆ. ಆ ಕಾರು ಫ್ರಾನ್ಸಿನದು, ಪಂದ್ಯಗಳಲ್ಲಿ ಓಡಿದ್ದು ನೀಲಿ ಬಣ್ಣದಲ್ಲಿ. ಬೆಲ್ಜಿಯಮ್ಮಿನ ದೊರೆ ಮೂರನೆಯ ಲಿಯೊಪೋಲ್ಡ್ ಅದನ್ನು ಕೊಂಡ ಮೇಲೆ ಕಪ್ಪು ಬಣ್ಣ ಹೊಡೆಸಿ, ತನ್ನ ದೇಶದ ಹಳದಿಯ ಪಟ್ಟಿ ಎಳೆಸಿದ. ಇಂದು ಉಳಿದಿರುವುದು ಆ ಕಪ್ಪು, ಆ ಹಳದಿ. ಹುಟ್ಟಿದ ಬಣ್ಣವೇ ಶ್ರೇಷ್ಠವೆಂದು ಯಾರಾದರೂ ಅದನ್ನು ಕೆರೆದು ನೀಲಿ ಮಾಡಿದ್ದರೆ ಆ ಕಾರಿನ ಅರ್ಧ ಚರಿತ್ರೆ ಉಪ್ಪುಕಾಗದದ ಧೂಳಾಗಿ ಹೋಗುತ್ತಿತ್ತು.

ಇದಕ್ಕೆ ಸಮನಾದ ಉದಾಹರಣೆ ನಮ್ಮ ಕಾಫಿಯಲ್ಲೇ ಇದೆ. ಹಾಯಿಹಡಗುಗಳ ಕಾಲದಲ್ಲಿ ಮಲಬಾರಿನ ಕರಾವಳಿಯಿಂದ ಹೊರಟ ಕಾಫಿ ಆಫ್ರಿಕವನ್ನು ಸುತ್ತಿಕೊಂಡು ಯುರೋಪು ಮುಟ್ಟಲು ತಿಂಗಳುಗಳೇ ಹಿಡಿಯುತ್ತಿದ್ದವು. ಹಡಗಿನ ಹೊಟ್ಟೆಯ ತೇವಕ್ಕೆ ಬೀಜ ಉಬ್ಬಿ, ಹಸಿರು ಹೋಗಿ ಹೊಂಬಣ್ಣಕ್ಕೆ ತಿರುಗುತ್ತಿತ್ತು. ಅಲ್ಲಿನವರ ನಾಲಗೆ ಆ ಕಾಫಿಗೇ ಒಗ್ಗಿಕೊಂಡಿತು. ಉಗಿಹಡಗು ಬಂದು, 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಪ್ರಯಾಣ ಚಿಕ್ಕದಾದಾಗ ಬೀಜ ಹಸಿರಾಗಿಯೇ ತಲುಪಿತು. ಗಿರಾಕಿಗಳಿಗೆ ಅದು ಒಪ್ಪಲಿಲ್ಲ. ಆದ್ದರಿಂದಲೇ ಇಂದಿಗೂ ಪಶ್ಚಿಮ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜ ಹರಡಿ 'ಮಾನ್ಸೂನ್ಡ್ ಮಲಬಾರ್' ತಯಾರಿಸುತ್ತಾರೆ, ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಗಿಡದಲ್ಲಿ ಹುಟ್ಟಿದ ಬಣ್ಣವಲ್ಲ ಅದು, ದಾರಿಯಲ್ಲಿ ಬಂದ ಬಣ್ಣ. ಹಾಗೆಂದು ಅದು ನಕಲಿಯೆಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ.

ಹಾಗಾದರೆ ದೊರೆ ಹೊಡೆಸಿದ ಕಪ್ಪು ಚರಿತ್ರೆಯಾದರೆ, ಸಣ್ಣ ಬೆಳೆಗಾರರೊಬ್ಬರು ಬ್ರಷ್ಷಿನಲ್ಲಿ ಬಳಿದ ಕೆನೆಬಣ್ಣ ಚರಿತ್ರೆಯಲ್ಲವೇ? ಸಿಂಹಾಸನದ ಮೇಲೆ ಕೂತವರ ಬಣ್ಣಕ್ಕೆ ಒಂದು ನ್ಯಾಯ, ಕಣದಲ್ಲಿ ಕಾಫಿ ಎಳೆದವರ ಬಣ್ಣಕ್ಕೆ ಇನ್ನೊಂದು ನ್ಯಾಯ ಎಂಬುದನ್ನು ಸಹಕಾರಿಗಳಾದ ನಾವು ಒಪ್ಪುವುದು ಕಷ್ಟ. ಆ ಕಾರು ದೊರೆಯ ಕ್ಲಬ್ಬಿಗೆ ಹೋದದ್ದು ಕೆಲವೇ ವರ್ಷ. ಕೆನೆಬಣ್ಣದಲ್ಲಿ ಅದು ಆಸ್ಪತ್ರೆಗೆ ಬಾಣಂತಿಯನ್ನು ಒಯ್ದಿದೆ, ಕ್ಯೂರಿಂಗ್ ವರ್ಕ್ಸಿಗೆ ಸ್ಯಾಂಪಲ್ ಚೀಲ ಹೊತ್ತಿದೆ, ಮಗನನ್ನು ಹಾಸ್ಟೆಲಿಗೆ ಬಿಟ್ಟುಬಂದಿದೆ. ಊರಿನವರು ಗುರುತು ಹಿಡಿಯುತ್ತಿದ್ದುದೂ ಅದೇ ಬಣ್ಣದಿಂದ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಆ ಹಿರಿಯರು ಚರಿತ್ರೆ ಬರೆಯಲು ಕೂತವರಲ್ಲ, ತುಕ್ಕು ತಡೆಯಲು ಕೂತವರು. ಅವರ ಉದ್ದೇಶ ಕಾರನ್ನು ಉಳಿಸುವುದಾಗಿತ್ತು, ಬಣ್ಣವನ್ನಲ್ಲ. ಆ ದೃಷ್ಟಿಯಿಂದ ನೋಡಿದರೆ ಅವರ ದಪ್ಪ ಎನಾಮಲ್ ಇಷ್ಟು ವರ್ಷ ಕೆಳಗಿನ ಹಸಿರನ್ನು ಬಿಸಿಲು ಮಳೆಗಳಿಂದ ಕಾಪಾಡಿರಲೂ ಸಾಕು. ಮೇಲಿನ ಪದರವನ್ನು ನಿಧಾನವಾಗಿ ಬಿಡಿಸಿ ಅಡಿಯ ಮೂಲ ಬಣ್ಣವನ್ನು ಹೊರತರುವ ಕೆಲಸಗಾರರು ಇದ್ದಾರೆ. ಅಂಗುಲ ಅಂಗುಲವಾಗಿ ಸಾಗುವ, ತಾಳ್ಮೆಯ ಕೆಲಸ. ಎಲ್ಲ ಕಾರಿನಲ್ಲಿಯೂ ಅದು ಫಲಿಸುವುದಿಲ್ಲ.

ನಮ್ಮ ಅಭಿಪ್ರಾಯ ಹೀಗಿದೆ. ಮೈಯ ತಗಡನ್ನು ತುಕ್ಕು ತಿನ್ನುತ್ತಿಲ್ಲವಾದರೆ ಈಗ ಯಾವ ಬಣ್ಣವನ್ನೂ ಹೊಡೆಸಬೇಕಾಗಿಲ್ಲ. ತೊಳೆದು, ಒರೆಸಿ, ಮೇಣ ಹಾಕಿ ಇಡಬಹುದು, ಕೆನೆಬಣ್ಣ ಹಾಗೆಯೇ ಇರಲಿ. ತುಕ್ಕು ಒಳಹೊಕ್ಕು ತಗಡು ಬದಲಿಸಲೇಬೇಕಾದ ದಿನ ಬಂದರೆ ಆಗ ಹಸಿರಿಗೆ ಹೋಗುವುದು ಸರಿ. ಏಕೆಂದರೆ ಹೊಸ ತಗಡಿನ ಮೇಲೆ ಸ್ಪ್ರೇಗನ್ನಿನಲ್ಲಿ ಹೊಡೆದ ಕೆನೆ ಆ ಹಿರಿಯರ ಕೈಯದಾಗುವುದಿಲ್ಲ, ಅದು ಅವರ ಬಣ್ಣದ ನಕಲು ಮಾತ್ರ. ಹಳೆಯ ವಾಹನಗಳ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದಿನ ಧೋರಣೆಯೂ ಸ್ಥೂಲವಾಗಿ ಇದೇ: ಮೊದಲು ಇದ್ದದ್ದನ್ನು ಕಾಪಾಡು, ಹೊಸದು ಮಾಡುವುದು ಅನಿವಾರ್ಯವಾದಾಗ ಮಾತ್ರ, ಮಾಡಿದ್ದನ್ನೆಲ್ಲ ಬರೆದಿಡು.

"ವಸ್ತು ನಮ್ಮದು, ಹಣ ನಮ್ಮದು, ಬಣ್ಣ ನಮ್ಮಿಷ್ಟ" ಎಂದು ಹೇಳುವವರಿದ್ದಾರೆ. ಕಾನೂನಿನ ಪ್ರಕಾರ ಅವರ ಮಾತು ಸರಿ. ನಿನ್ನೆ ಮೊನ್ನೆ ಕೊಂಡ ಗಾಡಿಗೆ ಅವರು ನವಿಲಿನ ಬಣ್ಣ ಹೊಡೆಸಿದರೂ ನಮ್ಮ ತಕರಾರಿಲ್ಲ. ಆದರೆ ಕೆರೆದುಹೋದ ಬಣ್ಣ ಮತ್ತೆ ಬರುವುದಿಲ್ಲ. ಹೊಸ ಬಣ್ಣವನ್ನು ಮುಂದಿನ ವರ್ಷವೂ ಹೊಡೆಸಬಹುದು, ಹಳೆಯದನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು. ಎರಡರಲ್ಲಿ ಯಾವುದಕ್ಕೆ ಅವಸರ ಮಾಡಬಾರದೆಂಬುದು ಲೆಕ್ಕ ಬರೆಯುವ ಯಾವ ಬೆಳೆಗಾರನಿಗೂ ಹೊಳೆಯುವ ವಿಚಾರ. ಹಾಗೆಯೇ, ಕೊಳೆಗೆ ಎರಡನೆಯ ಸಲ ಬೋರ್ಡೋ ಹೊಡೆಸಲು ಹಣ ಸಾಲದಿರುವಾಗ ಕಾರಿಗೆ ಬಣ್ಣ ಹೊಡೆಸುವವರಿಗೆ ನಾವು ಯಾವ ಬಣ್ಣವನ್ನೂ ಸೂಚಿಸಲಾರೆವು.

ಈ ದಾರಿಯಲ್ಲಿ ಹೋಗಬಯಸುವವರಿಗೆ ಕೆಲವು ಮಾತು ಹೇಳುವುದು ಉಪಯುಕ್ತ. ಹುಟ್ಟಿದ ಬಣ್ಣ ಹುಡುಕಬೇಕಾದದ್ದು ಬಾನೆಟ್ಟಿನ ಮೇಲಲ್ಲ. ಡ್ಯಾಶ್‌ಬೋರ್ಡಿನ ಹಿಂಬದಿ, ಸೀಟಿನ ಅಡಿ, ಬಾಗಿಲ ಕೀಲಿನ ಸಂದಿ, ನಂಬರ್ ಪ್ಲೇಟಿನ ಹಿಂದೆ, ಸ್ಟೆಪ್ನಿ ಕೂರುವ ಜಾಗ, ಇಂಥಲ್ಲಿ ಪೇಂಟರನ ಕೈ ಎಂದೂ ತಲುಪುವುದಿಲ್ಲ. ಕಂಡದ್ದನ್ನು ಫೋಟೋ ತೆಗೆದಿಡಿ. ಹೊರಗೆ ಒಂದು ಅಂಗೈಯಗಲ ಜಾಗದಲ್ಲಿ ಮಾತ್ರ ನೀರು ಹಾಕಿ ನಯವಾದ ಕಾಗದದಿಂದ ಉಜ್ಜಿದರೆ ಪದರಗಳು ಒಂದರ ಕೆಳಗೊಂದು ಉಂಗುರದಂತೆ ಕಾಣುತ್ತವೆ. ಒಣಗಿದ್ದನ್ನು ಉಜ್ಜಬಾರದು, ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಂಭವವುಂಟು, ಆ ಧೂಳು ಮಕ್ಕಳಿರುವ ಮನೆಗೆ ತಕ್ಕದ್ದಲ್ಲ. ಟಿ.ಸಿ.ಯಂಥ ಕಾರಿನ ತಗಡಿನ ಒಳಗೆ ಆಶ್ ಎಂಬ ಮರದ ಚೌಕಟ್ಟಿರುತ್ತದೆ. ಬಣ್ಣದ ಮಾತಿಗೆ ಮೊದಲು ಗೆದ್ದಲು ಹಿಡಿದಿದೆಯೇ ಎಂದು ತಟ್ಟಿ ನೋಡಬೇಕು. ಬಾಗಿಲು ಜೋತುಬಿದ್ದಿದ್ದರೆ ಮರದ ಮೇಲೆ ಅನುಮಾನ ಪಡಿ. ಕಾಂಡಕೊರಕ ಹಿಡಿದ ಗಿಡಕ್ಕೆ ಎಲೆ ತೊಳೆದು ಪ್ರಯೋಜನವಿಲ್ಲವಷ್ಟೆ.

ಪೇಂಟಿನ ಜಾತಿಯ ಬಗ್ಗೆಯೂ ಯೋಚಿಸಬೇಕು. ಆ ಕಾಲದ ಕಾರುಗಳಿಗೆ ಹೊಡೆಯುತ್ತಿದ್ದುದು ಸೆಲ್ಯುಲೋಸ್ ಬಣ್ಣ. ನಮ್ಮ ಗ್ಯಾರೇಜುಗಳಲ್ಲಿ ಈಗಲೂ ಡ್ಯೂಕೊ ಎಂಬ ಮಾತು ಓಡಾಡುತ್ತದಲ್ಲ, ಅದು 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಇಂಥ ಬಣ್ಣಕ್ಕೆ ಇಟ್ಟ ಹೆಸರು. ಅದರ ಹೊಳಪು ಮೃದುವಾದದ್ದು, ಕೈಯಿಂದ ತಿಕ್ಕಿ ಬರಿಸಿದ್ದು. ಈಗಿನ ಎರಡು ಡಬ್ಬಿ ಬೆರೆಸಿ ಹೊಡೆಯುವ ಪೇಂಟು ಗಟ್ಟಿ, ಬಾಳಿಕೆ ಹೆಚ್ಚು. ಆದರೆ ಹಳೆಯ ಕಾರಿನ ಮೇಲೆ ಅದು ಪಿಂಗಾಣಿ ತಟ್ಟೆಯಂತೆ ಕಾಣುತ್ತದೆ. ಬಣ್ಣ ಅದೇ ಆದರೂ ಕಾರು ಅದಲ್ಲ ಎನ್ನಿಸುತ್ತದೆ. ಅದರಲ್ಲಿರುವ ಐಸೊಸಯನೇಟ್ ಉಸಿರಿಗೆ ಬಹಳ ಕೆಟ್ಟದ್ದು. ತೋಟದಲ್ಲಿ ಔಷಧ ಹೊಡೆಯುವಾಗ ಮುಖಕ್ಕೆ ಕಟ್ಟಿಕೊಳ್ಳುವ ಟವಲ್ಲು ಅಲ್ಲಿ ಏನೇನೂ ಸಾಲದು. ಮನೆಯ ಅಂಗಳದಲ್ಲಿ ಆ ಕೆಲಸ ಮಾಡಿಸಬೇಡಿ.

ಕಾಗದಪತ್ರದ ಕಡೆಗೂ ಗಮನವಿರಲಿ. ಗಾಡಿಯ ಬಣ್ಣ ಆರ್.ಸಿ.ಯಲ್ಲಿ ನಮೂದಾಗಿರುತ್ತದೆ. ಬಣ್ಣ ಬದಲಿಸಿದರೆ ಸಾರಿಗೆ ಕಚೇರಿಯಲ್ಲಿ ಅದನ್ನೂ ತಿದ್ದಿಸಬೇಕು. 2021ರ ಕೇಂದ್ರ ನಿಯಮಗಳಂತೆ ಐವತ್ತು ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ನಂಬರಿನಲ್ಲಿ 'ವಿ.ಎ.' ಅಕ್ಷರಗಳು ಬರುತ್ತವೆ. ಚಾಸಿಸ್ಸು, ಬಾಡಿ, ಇಂಜಿನ್ನುಗಳನ್ನು ಗಣನೀಯವಾಗಿ ಮಾರ್ಪಡಿಸದೆ ಮೂಲರೂಪದಲ್ಲಿ ಇಟ್ಟುಕೊಂಡಿರಬೇಕೆಂಬುದು ಷರತ್ತು. ನಿಯಮ ಬಂದಾಗ ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ನಂತರ ನವೀಕರಣಕ್ಕೆ 5,000 ರೂಪಾಯಿ ಎಂದು ಶುಲ್ಕ ಗೊತ್ತುಪಡಿಸಿದ್ದರು. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸಂತೆಗೆ ಹೋಗಿಬರುವ ಆಸೆಯಿದ್ದವರು ಮೊದಲೇ ಯೋಚಿಸಿಕೊಳ್ಳುವುದು ಒಳ್ಳೆಯದು.

ಹಳೆಯ ಕಾರುಗಳ ಬಣ್ಣ ಹೇಗಿತ್ತೆಂದು ಕಣ್ಣಾರೆ ನೋಡಬೇಕೆನ್ನುವವರು ದೂರ ಹೋಗಬೇಕಾಗಿಲ್ಲ. ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಕಾರುಗಳ ಸಂಗ್ರಹಕ್ಕೆ ಒಂದು ಗಂಟೆ ಕೊಡಿ. ಮೈಸೂರಿನ ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ 'ಪಯಣ' ವಸ್ತುಸಂಗ್ರಹಾಲಯವೂ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಕೆಂಪು ಎಷ್ಟಿವೆ ಎಂದು ಅವರಿಂದಲೇ ಎಣಿಸಿರಿ.

ಕೊನೆಯದಾಗಿ ಕಾಲದ ವಿಷಯ. ಸೆಲ್ಯುಲೋಸ್ ಬಣ್ಣವನ್ನು ಗಾಳಿಯಲ್ಲಿ ತೇವವಿರುವಾಗ ಹೊಡೆದರೆ ಮೈಯೆಲ್ಲ ಬಿಳಿಚಿಕೊಂಡು ಮಂಕಾಗುತ್ತದೆ. ಜೂನ್‌ನಿಂದ ಅಕ್ಟೋಬರ್ ಕಳೆಯುವವರೆಗೆ ನಮ್ಮ ಘಟ್ಟದ ಊರುಗಳಲ್ಲಿ ಆ ಕೆಲಸಕ್ಕೆ ಕೈಹಾಕಬಾರದು. ಒಣಹವೆ ಸಿಗುವುದು ಡಿಸೆಂಬರಿನಿಂದ ಮಾರ್ಚಿಯವರೆಗೆ. ಆಗ ಎಲ್ಲರ ಮನೆಯಲ್ಲೂ ಕೊಯ್ಲು, ಕಣ, ಅಡಿಕೆ ಸುಲಿತ. ಶೆಡ್ಡಿನಲ್ಲಿ ಕಾರು ಇರುತ್ತದೆ, ಜೊತೆಗೆ ಪಾರ್ಚ್‌ಮೆಂಟ್ ಚೀಲಗಳೂ ಇರುತ್ತವೆ. ಕಾಫಿ ಬೀಜ ಪಕ್ಕದ ವಾಸನೆಯನ್ನು ಬೇಗ ಹೀರಿಕೊಳ್ಳುವುದರಿಂದ ಪೇಂಟು, ಥಿನ್ನರು ಡಬ್ಬಿಗಳನ್ನು ಆ ಶೆಡ್ಡಿನ ಹತ್ತಿರಕ್ಕೂ ತರಬಾರದು. ಈ ಸಾಲಿನ ಮಾಲು ಕ್ಯೂರಿಂಗಿಗೆ ಹೋಗಿ ಶೆಡ್ಡು ಖಾಲಿಯಾದ ನಂತರವೇ ಬಾಗಿಲ ಸಂದಿ ಕೆರೆದು ನೋಡುವುದೆಂದು ನಮ್ಮ ಸದಸ್ಯರೂ ಅವರ ಮಗನೂ ಸದ್ಯಕ್ಕೆ ಒಪ್ಪಿಕೊಂಡಿದ್ದಾರೆ. ದಲ್ಲಾಳಿಗೆ ಆಮೇಲೆ ಬರಲು ಹೇಳಿ ಕಳಿಸಿದ್ದಾರೆ.